ಗೋಲಿನಲ್ಲಿ ಕೈಕಟ್ಟಿ ನಿಂತವನ ಪರವಾಗಿ

ದಿನಾಂಕ: ೧೪-೧೧-೧೯೩೨, ಸೋಮವಾರ

ಇಂದ,
ಅಣ್ಣಾರಾಯ, ಮೂಲ ಊರು ಕುಂಭಾರಿ, ಹಾಲಿ ವಸ್ತಿ ಗಿರಣಿ ಚಾಳು, ಸೊಲ್ಲಾಪುರ.
ನೇಕಾರ, ಮಗ್ಗ ನಂಬರ್ ೪೧ ಮತ್ತು ೪೨.
ಗಿರಣಿ ಫುಟ್‌ಬಾಲ್ ತಂಡದ ಮಾಜಿ ಬ್ಯಾಕ್ (ಮಾಜಿಯಾಗಿ ಒಂದು ವಾರ).

ಗೆ,
ಮಾನ್ಯ ಮ್ಯಾನೇಜರ್ ಸಾಹೇಬರು, ಗಜರಾಜ ಗಿರಣಿ,
ಹಾಗೂ ಅಧ್ಯಕ್ಷರು, ಗಿರಣಿ ಫುಟ್‌ಬಾಲ್ ಕಮಿಟಿ, ಸೊಲ್ಲಾಪುರ.

ವಿಷಯ: ಗೋಲ್‌ಕೀಪರ್ ಕಲ್ಲಣ್ಣನ ವಿರುದ್ಧ ನಾನು ಸಹಿ ಮಾಡಿಕೊಟ್ಟ ಹೇಳಿಕೆಯನ್ನು ಹಿಂದಕ್ಕೆ ಕೊಡುವ ಬಗ್ಗೆ, ಮತ್ತು ಕಲ್ಲಣ್ಣನನ್ನು ಕೆಲಸಕ್ಕೆ ಮರಳಿ ತೆಗೆದುಕೊಳ್ಳುವ ಬಗ್ಗೆ.

ಉಲ್ಲೇಖ: (೧) ಭಾನುವಾರ ದಿ. ೬ರಂದು ಅಕ್ಕಲಕೋಟದಲ್ಲಿ ನಾವು ಸೋತ ಪಂದ್ಯ.
(೨) ಅದೇ ಸಂಜೆ ಚಹಾದ ವೇಳೆ ನಾನು ಆಡಿದ ಮಾತು. ಕಮಿಟಿಯ ಬುಕ್ಕಿನಲ್ಲಿ ‘ಉದ್ಧಟತನ’ ಎಂದಷ್ಟೇ ದಾಖಲಾಗಿರುವ ಕಾರಣ, ಪೂರ್ಣಪಾಠ ಕೆಳಗೆ ಇದೆ.
(೩) ಮಂಗಳವಾರ ದಿ. ೮ರ ಮೇಲ್ಕಂಡ ಹೇಳಿಕೆ.

ಮಾನ್ಯರೇ,

ಅರಿಕೆ ಮಾಡಿಕೊಳ್ಳುವುದೇನೆಂದರೆ, ಈ ಅರ್ಜಿ ಕನ್ನಡದಲ್ಲಿದೆ. ಮರಾಠಿಯಲ್ಲಿ ಬರೆಸಬೇಕಾದರೆ ಹೆಡ್ ಕಾರಕೂನರ ಬಳಿ ಹೋಗಬೇಕು. ಅವರು ಬರೆದುಕೊಡುವ ಅರ್ಜಿಗಳಲ್ಲಿ ಅರ್ಜಿದಾರ ಮೊದಲ ಸಾಲಿನಿಂದಲೇ ಅಳುತ್ತಿರುತ್ತಾನೆ. ನನಗೆ ಅಳು ಬಂದಿಲ್ಲ, ಸಿಟ್ಟು ಬಂದಿದೆ. ಆದ್ದರಿಂದ ಕನ್ನಡ.

೧. ನಾನು ಎಂಟು ವರ್ಷ ಬರಿಗಾಲಿನಲ್ಲಿ ಈ ಗಿರಣಿಯ ಪರವಾಗಿ ಆಡಿದ್ದೇನೆ. ಎಡಗಾಲಿನ ಹೆಬ್ಬೆರಳಿಗೆ ಉಗುರಿಲ್ಲ. ಅದು ಗಿರಣಿಯ ಸೇವೆಯಲ್ಲಿ ಹೋದದ್ದು.

೨. ಕಮಿಟಿಯ ಐವರೂ ಮಾನ್ಯರು. ಐವರಲ್ಲಿ ಹೆಡ್ ಕಾರಕೂನರು ಮಾತ್ರ ಚೆಂಡನ್ನು ಕಾಲಿನಿಂದ ಮುಟ್ಟಿದವರು. ಅದೂ ಚೆಂಡು ತಾನಾಗಿ ಉರುಳಿ ಬಂದಾಗ. ಗಿರಣಿಯ ಯಾವ ಖಾತೆಗೂ ಬೇಸರವಾಗಬಾರದೆಂಬ ಕಾರಣ ಖಾತೆಗೊಬ್ಬರಂತೆ ಆಟಗಾರರನ್ನು ಆರಿಸಲಾಗುತ್ತದೆ. ಆ ಕಾರಣ ನಮ್ಮಲ್ಲಿ ಬಲಗಡೆ ಓಡುವವನಿಗೆ ಮೊಣಕಾಲು ನೋವು, ಆದರೆ ಬಣ್ಣದ ಖಾತೆಗೆ ಸಮಾಧಾನ. ಆಟ ಮುಗಿದೊಡನೆ ಚೆಂಡಿನ ಗಾಳಿ ತೆಗೆದು ಸ್ಟೋರಿನಲ್ಲಿ ಜಮಾ ಮಾಡಬೇಕು. ಮತ್ತೆ ಗಾಳಿ ತುಂಬಲು ಮೂರು ಸಹಿ ಬೇಕು. ಆದ್ದರಿಂದ ನಾವು ಹೆಚ್ಚಾಗಿ ಚೆಂಡಿಲ್ಲದೆಯೇ ಅಭ್ಯಾಸ ಮಾಡುತ್ತೇವೆ, ಮತ್ತು ಅದರಲ್ಲಿ ಒಳ್ಳೆಯ ಪ್ರಾವೀಣ್ಯ ಗಳಿಸಿದ್ದೇವೆ.

೩. ಗಿರಣಿಯಲ್ಲಿ ತಾವು ಖಾತೆಯಿಂದ ಖಾತೆಗೆ ಹೋಗಿ, ಮಗ್ಗದ ಬಳಿ ಸುಮ್ಮನೆ ನಿಂತವರ ನಂಬರು ಬರೆದುಕೊಳ್ಳುವುದು ವಾಡಿಕೆ. ಆ ವಾಡಿಕೆ ಅಕ್ಕಲಕೋಟದವರೆಗೂ ಬಂದಿತ್ತು. ತಾವು ಮೈದಾನದ ಅಂಚಿಗೆ ಕುರ್ಚಿ ಹಾಕಿಸಿ, ಕೈಯಲ್ಲಿ ಗಡಿಯಾರ ಹಿಡಿದು ಕುಳಿತಿದ್ದಿರಿ. ಮೊದಲರ್ಧದಲ್ಲಿ ನಾವು ಒಂದು ಗೋಲು ಮುಂದಿದ್ದೆವು. ಚೆಂಡು ಒಮ್ಮೆಯೂ ನಮ್ಮ ಗೋಲಿನ ಹತ್ತಿರ ಬರಲಿಲ್ಲ, ನಾವು ಬರಗೊಡಲಿಲ್ಲ. ಆ ಕಾರಣ ಕಲ್ಲಣ್ಣ ಗೋಲಿನಲ್ಲಿ ಕೈಕಟ್ಟಿ ನಿಂತಿದ್ದ.

೪. ವಿರಾಮದಲ್ಲಿ ತಾವು ನಮ್ಮ ಮಗ್ಗಗಳ ಮೇಲ್ವಿಚಾರಣೆಯ ಜಾಬರ್ ಸಾತಲಿಂಗಪ್ಪನವರನ್ನು ಕರೆದು, ಬೆತ್ತದಿಂದ ಕಲ್ಲಣ್ಣನನ್ನು ತೋರಿಸಿ, “ಹಾ ಮಾಣೂಸ ಕಾಯ ಕರತೋ?” ಎಂದು ಕೇಳಿದಿರಿ. ಈ ಮನುಷ್ಯ ಏನು ಮಾಡುತ್ತಾನೆ ಎಂಬುದು ತಮ್ಮ ಪ್ರಶ್ನೆ.

“ಏನೂ ಮಾಡಾಂಗಿಲ್ರಿ ಸಾಹೇಬ್ರ. ಅರ್ಧಾ ತಾಸಾತು, ಖಾಲಿ ನಿಂತಾನ” ಎಂದು ಜಾಬರರು ವರದಿ ಮಾಡಿದರು. ಹಾಗಾದರೆ ಕೆಲಸವಿರುವ ಕಡೆ ಹೋಗಲಿ ಎಂದು ತಮ್ಮ ಅಪ್ಪಣೆಯಾಯಿತು.

“ಗೋಲು ಯಾರ್ ಕಾಯ್ತಾರ್ರಿ?” ಎಂದ ಕಲ್ಲಣ್ಣ.

“ಹುಕುಂ ಆಗೇದ. ಮುಂದ ಹೋಗಲೇ” ಎಂದರು ಜಾಬರರು. ಅವನು ಹೋದ.

೫. ಎರಡನೆಯ ಅರ್ಧದಲ್ಲಿ ಅಕ್ಕಲಕೋಟದವರು ಮೊದಲ ಗೋಲನ್ನು ಅನುಮಾನದಿಂದಲೇ ಹೊಡೆದರು. ಖಾಲಿ ಕಂಬಗಳ ನಡುವೆ ಏನೋ ಮೋಸವಿದೆ ಎಂದುಕೊಂಡು ಅವರ ಆಟಗಾರ ಚೆಂಡನ್ನು ಕಾಲಡಿ ಹಿಡಿದು ನಮ್ಮ ಮುಖ ನೋಡಿದ. ಎರಡನೆಯದನ್ನು ಧೈರ್ಯವಾಗಿ ಹೊಡೆದರು.

೬. ಚಹಾದ ವೇಳೆ ನಾನು ಆಡಿದ ಮಾತು ಇಂತಿದೆ: “ಸಾಹೇಬ್ರ, ಗೋಲಿನ್ಯಾಗ ನಿಂತಾವ ಖಾಲಿ ಇದ್ದಾನಂದ್ರ ಉಳದ ಹತ್ತು ಮಂದಿ ದುಡ್ಯಾಕತ್ತಾರಂತ ತಿಳೀಬೇಕ್ರಿ. ಗೇಟಿನ ಪಹರೇದಾರ ಇವತ್ತ ಕಳ್ಳನ್ನ ಹಿಡೀಲಿಲ್ಲಂತ ಅವನ್ನ ನೂಲಾಕ ಹಚ್ತೀರೇನ್ರಿ?” ಬೆತ್ತದ ಬಗ್ಗೆಯೂ ಒಂದು ಮಾತು ಬಂತು. ಅದು ನನಗೆ ನೆನಪಿಲ್ಲ, ಜಾಬರರಿಗೆ ನೆನಪಿದೆ. ಬಾಯಿ ಇದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರೆ. ಗಿರಣಿಯ ತಂಡದಲ್ಲಿ ಅವನು ಸೋಮವಾರದ ಹೊತ್ತಿಗೆ ಮಾಜಿಯಾದ. ಅದಕ್ಕೆ ನನ್ನ ತಕರಾರಿಲ್ಲ.

೭. ತಕರಾರು ಇರುವುದು ಇಲ್ಲಿ. ಸೋಲಿಗೆ ಒಬ್ಬ ಹೊಣೆಗಾರ ಬೇಕಾದ ಕಾರಣ, ಅದೇ ಸೋಮವಾರ ಕಲ್ಲಣ್ಣನನ್ನು ಮಗ್ಗದ ಕೆಲಸದಿಂದಲೂ ತೆಗೆಯಲಾಯಿತು. ಮಂಗಳವಾರ ಜಾಬರರು ನನ್ನ ಮಗ್ಗದ ಬಳಿ ಒಂದು ಕಾಗದ ತಂದರು. ‘ಕಲ್ಲಣ್ಣನು ಯಾರ ಅಪ್ಪಣೆಯೂ ಇಲ್ಲದೆ ತನ್ನ ಇಚ್ಛೆಯಿಂದ ಗೋಲು ಬಿಟ್ಟು ಹೋದನು’ ಎಂದು ಅದರಲ್ಲಿತ್ತು.

“ಆಟ ಹೋತು, ಹೋಗ್ಲಿ. ಮಗ್ಗರೆ ಉಳಿಸ್ಕೋ ಅಣ್ಣಾರಾಯಾ. ಬರೇ ಒಂದ್ ಸಹಿ” ಎಂದರು.

ಓದಲು ಬರುವುದಿಲ್ಲ ಎನ್ನಬಹುದಿತ್ತು, ಬರುತ್ತದೆ. ಬೆಳಕು ಸಾಲಲಿಲ್ಲ ಎನ್ನಬಹುದಿತ್ತು, ನಡುಮಧ್ಯಾಹ್ನವಾಗಿತ್ತು. ಓದಿ, ತಿಳಿದು, ಹೆದರಿ ಸಹಿ ಮಾಡಿದೆ. ಕಮಿಟಿಯ ಬಗ್ಗೆ ಇಷ್ಟು ಬಾಯಿ ಇರುವ ನಾನು ಅಂದು ಕೇಳಿದ್ದು ಒಂದೇ ಮಾತು, ಸಹಿ ಎಲ್ಲಿ ಮಾಡಬೇಕೆಂದು.

೮. ಅಂದಿನಿಂದ ಕಲ್ಲಣ್ಣ ಬದಲಿಯವರ ಸಾಲಿನಲ್ಲಿ ನಿಲ್ಲುತ್ತಾನೆ. ಯಾರಾದರೂ ಗೈರುಹಾಜರಾದರೆ ಅವರ ಜಾಗಕ್ಕೆ ಒಂದು ದಿನದ ಕೆಲಸ ಸಿಕ್ಕೀತೆಂದು ಗೇಟಿನ ಹೊರಗೆ ಕಾಯುವವರ ಸಾಲದು. ಬುಧವಾರದಿಂದ ಶನಿವಾರದವರೆಗೆ ನಾಲ್ಕು ದಿನ ಬೆಳಿಗ್ಗೆ ನಾನು ಅವನ ಮುಂದೆ ಹಾದು ಒಳಗೆ ಹೋಗಿದ್ದೇನೆ. ನಾನು ಸಹಿ ಮಾಡಿದ್ದು ಅವನಿಗೆ ಗೊತ್ತು. ಚಾಳಿನಲ್ಲಿ ಯಾವುದೂ ಮುಚ್ಚಿಡಲು ಆಗುವುದಿಲ್ಲ. ಇವತ್ತು ನಾನು ತಡವಾಗಿ ಬಂದೆ. “ಲಗೂನ ಹೋಗೋ, ಗಿರಣಿ ಭೋಂಗಾ ಕೂಗಿ ಆತು, ಗೇಟ್ ಹಾಕ್ತಾರ” ಎಂದು ಅವನೇ ಕೂಗಿ ಹೇಳಿದ. ಬೈದಿದ್ದರೆ ಸಹಿಸಬಹುದಿತ್ತು. ನನಗೆ ಬಹಳ ನಾಚಿಕೆಯಾಯಿತು. ನಾನು ಒಳಗೆ ಹೋಗಲಿಲ್ಲ, ಚಾಳಿಗೆ ತಿರುಗಿ ಬಂದು ಇದನ್ನು ಬರೆಯುತ್ತಿದ್ದೇನೆ.

ಆದ್ದರಿಂದ ಪ್ರಾರ್ಥನೆ ಏನೆಂದರೆ:

(ಅ) ಸದರಿ ಹೇಳಿಕೆ ಸುಳ್ಳಾಗಿರುವ ಕಾರಣ ಅದನ್ನು ನನಗೆ ಹಿಂದಕ್ಕೆ ಕೊಡಬೇಕು.
(ಆ) ಕಲ್ಲಣ್ಣನ ಮಗ್ಗಗಳನ್ನು ಕಲ್ಲಣ್ಣನಿಗೆ ಕೊಡಬೇಕು.
(ಇ) ಫೈಲಿಗೆ ಸೇರಿದ ಕಾಗದ ಹೊರಗೆ ಬರುವುದಿಲ್ಲ, ಜಾಗ ಬಿಟ್ಟು ಓಡಿದವನೊಬ್ಬ ಬೇಕೇ ಬೇಕು ಎಂದಾದಲ್ಲಿ, ಅಲ್ಲಿ ನನ್ನ ಹೆಸರು ಬರೆದುಕೊಳ್ಳಬೇಕು. ನಾನು ಓಡಿದ್ದು ಭಾನುವಾರವಲ್ಲ, ಮಂಗಳವಾರ. ತಾರೀಖು ತಿದ್ದಿಕೊಂಡರೆ ಸಾಕು.

ಮಂಗಳವಾರವೊಂದನ್ನು ಬಿಟ್ಟು, ತಮ್ಮ ವಿಶ್ವಾಸಿ,
ಅಣ್ಣಾರಾಯ

ಅಡಕ:
೧. ಪಂದ್ಯದಲ್ಲಿ ಆಡಿದ ಉಳಿದ ಒಂಬತ್ತು ಮಂದಿಯ ಸಾಕ್ಷಿ ಸಹಿಗಳು. (ಇನ್ನೂ ಬಂದಿಲ್ಲ. ಒಂಬತ್ತೂ ಮಂದಿ ನಾಳೆ ಎಂದಿದ್ದಾರೆ.)
೨. ನನ್ನ ಗೇಟಿನ ಹಿತ್ತಾಳೆ ಬಿಲ್ಲೆ, ಒಂದು. ಇದಿಲ್ಲದೆ ಒಳಗೆ ಬಿಡುವುದಿಲ್ಲವೆಂಬ ನಿಯಮ ನನಗೆ ತಿಳಿದಿದೆ. “ಕೊಡೂದಾದ್ರ ಛಲೋತ್ನ್ಯಾಗಿ ಕೊಡ್ರಿ” ಎಂದು ಮನೆಯಾಕೆ ಗುರುಬಾಯಿ ಹುಣಸೆಹಣ್ಣು ಹಚ್ಚಿ ತಿಕ್ಕಿ ಕೊಟ್ಟಿದ್ದಾಳೆ.

ವಿ.ಸೂ.: ಬಿಲ್ಲೆ ಮುಟ್ಟಿದ ಬಗ್ಗೆ ರಸೀದಿಯನ್ನು ದಯವಿಟ್ಟು ಗೇಟಿನ ಹೊರಗೆ ಕಳಿಸಿಕೊಡಬೇಕು. ನಾಳೆ ಬೆಳಿಗ್ಗೆಯಿಂದ ಬದಲಿಯವರ ಸಾಲಿನಲ್ಲಿ, ಕಲ್ಲಣ್ಣನ ಹಿಂದೆ ಇರುತ್ತೇನೆ.