ಹಿಂದಿನ ಸೀಟು ಮತ್ತು ಬೀದಿಯ ಕುರ್ಚಿ

ನನಗೆ ಸಿಟ್ಟು ಬಂದಿದೆ. ಮೋಟಾರ್‌ಸೈಕಲ್ಲಿಗೆ ಹಿಂದೊಂದು ಸೀಟು ಇರಲಿ ಎಂದು ಮೊದಲು ಯೋಚಿಸಿದ ಮಹಾನುಭಾವ ಯಾರೋ ಗೊತ್ತಿಲ್ಲ, ಕೈಗೆ ಸಿಕ್ಕಿದ್ದರೆ ನಾಲ್ಕು ಮಾತು ಕೇಳುತ್ತಿದ್ದೆ. ಒಬ್ಬನೇ ಕೂರುವ ಹಾಗೆ ಮಾಡಿಬಿಟ್ಟಿದ್ದರೆ ಈ ಹೊತ್ತು ನಾನು ಪಿಟ್ಸ್‌ಬರ್ಗಿನ ಏರುಬೀದಿಗಳಲ್ಲಿ ಗಾಳಿ ಕುಡಿಯುತ್ತಾ ಓಡಾಡುತ್ತಿರುತ್ತಿದ್ದೆ. ಅದರ ಬದಲು ಎಲ್ಲಿ ಕೂತಿದ್ದೇನೆ ಎನ್ನುವುದನ್ನು ಆಮೇಲೆ ಹೇಳುತ್ತೇನೆ.

ಹಾರ್ಡ್‌ವೇರ್ ಅಂಗಡಿಯಲ್ಲಿ ನಿಂತೇ ಜೀವನ ಸವೆಸಿದವನು ನಾನು. ಮಂಡಿಗಳು ಪೂರ್ತಿ ಕೈಕೊಡುವ ಮೊದಲು ಊರೊಳಗೆ ಸುಖವಾಗಿ ಸುತ್ತಲು ಒಂದು ಮೋಟಾರ್‌ಸೈಕಲ್ ಬೇಕು ಅನ್ನಿಸಿತು. ಅದು ತಪ್ಪಾ? ಭಾಮೈದ ರೀಜಿಸ್‌ನದು ಇದೆಯಲ್ಲ, ರೇಡಿಯೋ, ಪೆಟ್ಟಿಗೆ, ಎಲ್ಲ ಹೊತ್ತುಕೊಂಡ ಭೂತ, ಅಂಥದ್ದು ಬೇಡ. ಅದನ್ನು ಸಿಗ್ನಲ್ಲಿನಲ್ಲಿ ನೆಟ್ಟಗೆ ಹಿಡಿದು ನಿಲ್ಲಿಸಲು ರೀಜಿಸ್ ದೇವರಿಗೆ ಹರಕೆ ಹೊರುತ್ತಾನೆ. ಹಾಗಂತ ಏರು ಕಂಡರೆ ಕೆಮ್ಮುವ ಪುಟ್ಟ ಗಾಡಿಯೂ ಬೇಡ. ಮಧ್ಯಮ ಗಾತ್ರದ್ದು, ಬೆನ್ನು ನೆಟ್ಟಗಿಟ್ಟು ಕೂರುವಂಥದ್ದು ಸಾಕು ಎಂದು ಹೆಂಡತಿ ಲೊರೆಟ್ಟಾಳ ಸನ್ನಿಧಾನದಲ್ಲಿ ಅರಿಕೆ ಮಾಡಿಕೊಂಡೆ.

"ತಗೋ, ಬೇಡ ಅಂದೋರು ಯಾರು? ಆದ್ರೆ ನನ್ನ ಸೊಂಟಕ್ಕೆ ಹಿತ ಅನ್ನಿಸಿದ ಗಾಡಿನೇ ತರಬೇಕು. ಇಲ್ಲಾಂದ್ರೆ ಗಾಡಿನೇ ಬೇಡ," ಅಂದಳು.

(ಲೊರೆಟ್ಟಾ ನನಗಿಂತ ಒಂದು ಗೇಣು ಎತ್ತರ. ಮದುವೆಯ ಫೋಟೋದಲ್ಲಿ ನನ್ನನ್ನು ಚರ್ಚಿನ ಮೆಟ್ಟಿಲ ಮೇಲೆ ನಿಲ್ಲಿಸಿದ್ದರು. ಮದುವೆಗೆ ಮುಂಚೆ ಅಣ್ಣತಮ್ಮಂದಿರ ಗಾಡಿಗಳನ್ನೆಲ್ಲ ಓಡಿಸಿದವಳು ಬೇರೆ. ಆ ಲೈಸೆನ್ಸನ್ನು ಇವತ್ತಿಗೂ ನವೀಕರಿಸುತ್ತಾಳೆ. ಓಡಿಸದ ಗಾಡಿಗೆ ಲೈಸೆನ್ಸ್ ಯಾಕೆ ಎಂದು ನಾನು ಪ್ರತಿ ಸಲವೂ ನಗುತ್ತಿದ್ದೆ.)

ಶನಿವಾರ ಶನಿವಾರ ಶೋರೂಮಿನ ಯಾತ್ರೆ ಶುರುವಾಯಿತು. ಅಲ್ಲಿನ ಸೇಲ್ಸ್‌ಮನ್ ಬ್ರೆಂಡನ್ ಪಾಪದವನು. "ಮೇಡಂ, ಹತ್ತಿ ನೋಡಿ," ಎಂದ. ಲೊರೆಟ್ಟಾ ಹತ್ತಿದಳು, ಇಳಿಯಲಿಲ್ಲ.

"ಒಂದು ನಿಮಿಷ ಕೂತ್ರೆ ಮೊಳೆ ಮೇಲೂ ಹಿತವಾಗೇ ಇರತ್ತಪ್ಪ. ಅರ್ಧ ಗಂಟೆ ಕೂತು ನೋಡ್ಬೇಕು. ಲೆನ್ನಿ, ಮುಂದೆ ಹತ್ತು," ಎಂದು ಚೀಲದಿಂದ ಹ್ಯಾಮ್ ಸ್ಯಾಂಡ್‌ವಿಚ್ ತೆಗೆದಳು.

ಹೀಗೆ ನಾವಿಬ್ಬರೂ ನಿಂತ ಗಾಡಿಯ ಮೇಲೆ, ಗಾಜಿನ ಗೋಡೆಯ ಹಿಂದೆ, ಊರೆಲ್ಲ ನೋಡುವ ಹಾಗೆ ಪ್ರಯಾಣ ಹೊರಟೆವು.

"ಯಾಕೆ ಹಾಗೆ ಮುಂದಕ್ಕೆ ಬಾಗ್ತೀಯ?"

"ನಿನ್ನ ಸ್ಯಾಂಡ್‌ವಿಚ್ ನನ್ನ ಕಾಲರ್ ಒಳಗೆ ಉದುರ್ತಾ ಇದೆ."

"ತಿರುವು ಬಂದಾಗ ಹೇಳು, ಹಿಡ್ಕೋತೀನಿ."

"ತಿರುವು ಎಲ್ಲಿಂದ ಬರತ್ತೆ ಮಾರಾಯ್ತಿ, ಗಾಡಿ ಸ್ಟ್ಯಾಂಡ್ ಮೇಲಿದೆ."

ಗಾಡಿ ಕೊಳ್ಳಲು ಬಂದವರು ಗಾಡಿ ಬಿಟ್ಟು ನಮ್ಮನ್ನು ನೋಡತೊಡಗಿದರು. ನನ್ನ ಕಿವಿ ಕೆಂಪಾಯಿತು. ಒಂದರ ಸೀಟು ಇಳಿಜಾರು, ಇನ್ನೊಂದರದು ಕಲ್ಲು, ಮತ್ತೊಂದರಲ್ಲಿ ಕಾಲಿಡುವ ಜಾಗ ಕಿವಿಯ ಹತ್ತಿರವಿದೆ ಎಂದು ಲೊರೆಟ್ಟಾ ಎಲ್ಲವನ್ನೂ ತಿರಸ್ಕರಿಸಿದಳು. ಕೊನೆಗೆ ನನಗೆ ಒಂದು ಕಪ್ಪು ಗಾಡಿ ಸಿಕ್ಕಿತು. ಮುಂದಿನ ಸೀಟು ಬೆನ್ನಿಗೆ ಹೇಳಿ ಮಾಡಿಸಿದ್ದು. ಎಂಜಿನ್ ಸದ್ದು ಮೆತ್ತಗೆ. ನನ್ನ ಕಾಲು ನೆಲಕ್ಕೆ ತುದಿಬೆರಳಲ್ಲಷ್ಟೇ ತಾಗುತ್ತಿತ್ತು, ಆದರೆ ಪ್ರೀತಿಸುವವರು ಇಂಥದ್ದನ್ನೆಲ್ಲ ನೋಡುವುದಿಲ್ಲ.

"ಇದು ಹಿಂದಿನ ಸೀಟಾ, ಬ್ರೆಡ್ ಚೂರಾ?" ಅಂದಳು ಲೊರೆಟ್ಟಾ.

"ಅರ್ಧ ಗಂಟೆಗೆ ಯಾರ ಸೊಂಟವೂ ಮುರಿಯಲ್ಲ. ಯಾರು ಬೇಕಾದ್ರೂ ಕೂರ್ಬಹುದು."

"ಹಾಗಾದ್ರೆ ನೀನೇ ಕೂರು."

"ಹಿಂದೆ ಕೂರೋಕೆ ನಾನೇನು ಮೂಟೆನಾ?"

ಬ್ರೆಂಡನ್‌ಗೆ ಇದ್ದಕ್ಕಿದ್ದಂತೆ ಎಲ್ಲೋ ತುರ್ತು ಕೆಲಸ ನೆನಪಾಯಿತು. ಗಾಡಿ ಇಲ್ಲದೆಯೇ ಮನೆಗೆ ಬಂದೆವು.

ಇನ್ನು ಕುರ್ಚಿಯ ವಿಷಯ. ನಮ್ಮ ಬೀದಿಯಲ್ಲಿ ಗಾಡಿ ನಿಲ್ಲಿಸಲು ಜಾಗವಿಲ್ಲ. ಚಳಿಗಾಲದಲ್ಲಿ ಮನೆಯ ಮುಂದಿನ ಹಿಮ ತೆಗೆದು ಜಾಗ ಮಾಡಿಕೊಂಡವರು ಅಲ್ಲೊಂದು ಹಳೇ ಅಡುಗೆಮನೆ ಕುರ್ಚಿ ಇಟ್ಟು ಹೋಗುತ್ತಾರೆ. ಅವರು ಹಿಂತಿರುಗುವವರೆಗೆ ಆ ಕುರ್ಚಿಯನ್ನು ಯಾರೂ ಮುಟ್ಟುವ ಹಾಗಿಲ್ಲ, ಪಾದ್ರಿಯೂ ಸಹ. ಈ ಧರ್ಮದ ಸ್ವಘೋಷಿತ ಸಂರಕ್ಷಕ ನಾನೇ. ಹಿಂದೊಮ್ಮೆ ಕುರ್ಚಿ ಸರಿಸಿದವನೊಬ್ಬನನ್ನು ಬೆಟ್ಟದ ಬುಡದವರೆಗೂ ಬೈಯುತ್ತಾ ಅಟ್ಟಿಸಿಕೊಂಡು ಹೋಗಿದ್ದೇನೆ.

ಬರಲಿರುವ ಗಾಡಿಗೆ ಜಾಗ ಇರಲಿ ಎಂದು ಈ ಮೇ ತಿಂಗಳಲ್ಲೇ ನಮ್ಮ ಕೆಂಪು ಕುರ್ಚಿಯನ್ನು ಬೀದಿಗಿಟ್ಟೆ. ಎದುರುಮನೆಯ ಪಾವ್ಲಿಕಮ್ಮ ಜಗುಲಿಯಿಂದಲೇ ನನ್ನ ಪೂರ್ತಿ ಹೆಸರು ಹಿಡಿದು ಕೇಳಿದರು: "ಹಿಮ ಎಲ್ಲಿದೆಯಪ್ಪ, ಲೆನರ್ಡ್?"

"ಕುರ್ಚಿ ಕುರ್ಚಿನೇ, ಪಾವ್ಲಿಕಮ್ಮ. ಬೇಸಿಗೆ ಆದ್ರೇನು, ಚಳಿಗಾಲ ಆದ್ರೇನು. ಇಟ್ಟ ಮೇಲೆ ಮುಟ್ಟೋ ಹಾಗಿಲ್ಲ," ಎಂದೆ. ಇಡೀ ಬೀದಿಗೆ ಕೇಳಲಿ ಎಂದೇ ಜೋರಾಗಿ ಹೇಳಿದೆ. ನನ್ನ ಬಾಯಿಗೆ ಬೀಗ ಹಾಕಬೇಕಿತ್ತು.

ಇವತ್ತು ಬೆಳಿಗ್ಗೆ ಲೊರೆಟ್ಟಾ ತರಕಾರಿಗೆ ಹೋದಳು. ನಾನು ಶೋರೂಮಿಗೆ ಹೋಗಿ ಆ ಕಪ್ಪು ಗಾಡಿಯನ್ನೇ ತಂದುಬಿಟ್ಟೆ. ಹೌದು, ಕದ್ದುಮುಚ್ಚಿ. ಸೇತುವೆ ದಾಟುವಾಗ ನದಿಯ ಗಾಳಿ ಮುಖಕ್ಕೆ ಬಡಿಯಿತು. ಎಷ್ಟೋ ವರ್ಷಗಳಿಂದ ನಾನು ಅಷ್ಟು ಖುಷಿಯಾಗಿರಲಿಲ್ಲ. ಹಾಡು ಹೇಳಿಕೊಳ್ಳುತ್ತಾ ನಮ್ಮ ಬೀದಿಗೆ ತಿರುಗಿದೆ.

ಕುರ್ಚಿ ಇಟ್ಟಲ್ಲೇ ಇತ್ತು. ಅದರ ಮೇಲೆ ಲೊರೆಟ್ಟಾ ಇದ್ದಳು, ಮಡಿಲಲ್ಲಿ ಪಾತ್ರೆ ಇಟ್ಟುಕೊಂಡು ಬೀನ್ಸಿನ ನಾರು ತೆಗೆಯುತ್ತಾ.

"ಬ್ರೆಂಡನ್ ಫೋನ್ ಮಾಡಿದ್ದ. ಇನ್ನೊಂದು ಕೀ ಅಲ್ಲೇ ಬಿಟ್ಟು ಬಂದಿದ್ದೀಯಂತೆ," ಅಂದಳು.

"ಏಳು, ಗಾಡಿ ನಿಲ್ಲಿಸ್ಬೇಕು."

"ಕುರ್ಚಿ ಮುಟ್ಟೋ ಹಾಗಿಲ್ಲ."

"ಅದು ನನ್ನ ಕುರ್ಚಿ ಕಣೇ."

"ಅಡುಗೆಮನೆ ಕುರ್ಚಿ. ಅಡುಗೆಮನೆಗೆ ನೀನು ಕಾಲಿಟ್ಟು ಎಷ್ಟು ದಿನ ಆಯ್ತು?"

"ಕುರ್ಚಿ ಕುರ್ಚಿನೇ, ಲೆನರ್ಡ್," ಎಂದು ಜಗುಲಿಯಿಂದ ಪಾವ್ಲಿಕಮ್ಮನ ತೀರ್ಪು ಬಂತು.

ಬೇರೆ ಜಾಗ ಹುಡುಕುತ್ತಾ ಸುತ್ತು ಹೊಡೆಯತೊಡಗಿದೆ. ಶನಿವಾರ, ಎಲ್ಲರ ಕಾರೂ ಮನೆಯ ಮುಂದೆ. ಪ್ರತಿ ಸುತ್ತಿಗೂ ಬೀದಿಯ ತುದಿಯ ಸ್ಟಾಪ್ ಬೋರ್ಡಿನಲ್ಲಿ ಏರಿನ ಮೇಲೆ ನಿಲ್ಲಬೇಕು, ಕಾಲೋ ತುದಿಬೆರಳ ಮೇಲೆ. ಮೊದಲ ಸುತ್ತಿನಲ್ಲಿ ಲೊರೆಟ್ಟಾ, "ಸೀಟು ಹೇಗಿದೆ?" ಎಂದಳು. "ಸ್ವರ್ಗ," ಎಂದೆ. ಮುಂದಿನ ಸಲ, "ಪರವಾಗಿಲ್ಲ," ಎಂದೆ. ಆಮೇಲೆ ಹಾರ್ನ್ ಒತ್ತಿ ಮುಂದೆ ಹೋದೆ. ನಮ್ಮನ್ನು ನೋಡಲು ಬಂದವರಿಂದ ಜಗುಲಿಗಳೆಲ್ಲ ತುಂಬಿದ್ದವು.

ಕೊನೆಗೆ ಬ್ರೇಕ್ ಹಾಕಿ ಕೂಗಿದೆ: "ಏನು ಬೇಕು ನಿಂಗೆ?"

ಲೊರೆಟ್ಟಾ ಎದ್ದು ಕುರ್ಚಿಯನ್ನು ಪಕ್ಕಕ್ಕೆ ಎಳೆದಳು. "ಇಲ್ಲಿ ನಿಲ್ಲಿಸು. ಹಿಂದಿನ ಸೀಟಲ್ಲಿ ಅರ್ಧ ಗಂಟೆ ಕೂರು. ಯಾರು ಬೇಕಾದ್ರೂ ಕೂರ್ಬಹುದು ಅಂದ್ಯಲ್ಲ."

ಕೂತೆ. ಹಟಕ್ಕೆ ಕೂತೆ. ಕೈಗೊಂದು ಹ್ಯಾಮ್ ಸ್ಯಾಂಡ್‌ವಿಚ್ಚನ್ನೂ ಕೊಟ್ಟಳು. ಸ್ಯಾಂಡ್‌ವಿಚ್ ಮುಗಿಯುವ ಮೊದಲೇ ಎಡಗಾಲು ಜೋಮು ಹಿಡಿಯಿತು, ಅದರ ಬೆನ್ನಲ್ಲೇ ಬಲಗಾಲು, ಆಮೇಲೆ ಬೀದಿಯಲ್ಲಿ ಹೆಸರು ಹೇಳಬಾರದ ಜಾಗವೆಲ್ಲ. "ಸಾಕು," ಎಂದು ಇಳಿಯಹೋದೆ. ಕಾಲು ನನ್ನದಾಗಿರಲಿಲ್ಲ. ಬೀಳುವವನಿಗೆ ಆಸರೆಯಾಗಿ ಆ ಕುರ್ಚಿಯೊಂದೇ ಸಿಕ್ಕಿತು, ಅದರ ಮೇಲೆ ಕುಕ್ಕರಿಸಿದೆ.

"ಸರಿ, ಗೆದ್ದೆ ನೀನು. ಸೋಮವಾರ ವಾಪಸ್ ಕೊಟ್ಟು ಬರ್ತೀನಿ," ಎಂದೆ. ಅಳು ಬರುವ ಹಾಗಿತ್ತು.

ಲೊರೆಟ್ಟಾ ಒಳಗೆ ಹೋಗಿ ರೀಜಿಸ್ ನಮ್ಮಲ್ಲಿ ಬಿಟ್ಟುಹೋಗಿದ್ದ ಹಳೇ ಹೆಲ್ಮೆಟ್ ಹಾಕಿಕೊಂಡು ಬಂದಳು. ಗಾಡಿಯ ಮುಂದಿನ ಸೀಟಿನಲ್ಲಿ ಕೂತಳು. ಎರಡೂ ಪಾದ ನೆಲಕ್ಕೆ ಪೂರ್ತಿ ಊರಿದವು.

"ವಾಪಸ್ ಯಾಕೋ? ಮುಂದಿನ ಸೀಟು ನಿಜವಾಗ್ಲೂ ಚೆನ್ನಾಗಿದೆ, ನೀನು ಹೇಳಿದ್ದು ಸರಿ. ನನ್ನ ಸೊಂಟಕ್ಕೆ ಹಿತ ಅನ್ನಿಸಿದ ಗಾಡಿ ತರಬೇಕು ಅಂದಿದ್ದೆ, ತಂದಿದ್ದೀಯ," ಎಂದು ಬೀನ್ಸಿನ ಪಾತ್ರೆಯನ್ನು ನನ್ನ ಮಡಿಲಿಗಿಟ್ಟಳು. "ಇನ್ನೊಂದು ಕೀ ತಗೊಂಡು ಬರ್ತೀನಿ. ಜಾಗ ನೋಡ್ಕೋ."

ಏರನ್ನು ಹೇಗೆ ಹತ್ತಿದಳು ಅಂತೀರಿ. ಸದ್ದು ಮೆತ್ತಗೆ, ನನಗಿಷ್ಟವಾದ ಅದೇ ಸದ್ದು.

ನಾನು ಕುರ್ಚಿಯನ್ನು ಖಾಲಿ ಜಾಗದ ನಡುವಿಗೆ ಎಳೆದುಕೊಂಡು ಕೂತಿದ್ದೇನೆ. ಶೋರೂಮಿಗೆ ಹೋಗಿಬರಲು ಇಷ್ಟು ಹೊತ್ತು ಬೇಕಿಲ್ಲ. ಬಹುಶಃ ಸೇತುವೆಯ ಮೇಲೆ ಇನ್ನೊಂದು ಸುತ್ತು ಹೊಡೆಯುತ್ತಿರಬೇಕು. ಈಗಷ್ಟೇ ಯಾರೋ ಕಾರು ನಿಲ್ಲಿಸಿ, "ಸ್ವಲ್ಪ ಏಳ್ತೀರಾ ಸರ್, ಪಾರ್ಕ್ ಮಾಡ್ಬೇಕಿತ್ತು," ಎಂದ.

"ಕುರ್ಚಿ ಮುಟ್ಟೋ ಹಾಗಿಲ್ಲ," ಎಂದೆ. ಸಿಟ್ಟು ಇನ್ನೂ ಇಳಿದಿಲ್ಲ. ಬೀನ್ಸ್ ಮಾತ್ರ ಮುಗಿಯುತ್ತಾ ಬಂದಿದೆ.