ಚಿಮಣಿಯ ಹೊಟ್ಟೆ ಕರಗಿಸಿದ್ದು

ವಿಲ್ಫ್ ಗ್ರಿಮ್‌ಷಾ ಕಾಲು ಚಾಚಿ ಮಲಗಿ ಎಷ್ಟೋ ಚಳಿಗಾಲಗಳು ಕಳೆದುಹೋಗಿದ್ದವು. ಅದಕ್ಕೆ ಕಾರಣ ಅವನ ಹೆಂಡತಿ ಡೊರೀನ್ ಎಂದು ಬೀದಿಯವರೆಲ್ಲ ತಿಳಿದಿದ್ದರು. ನಿಜವಾದ ಕಾರಣ ಚಿಮಣಿ.

ಓಲ್ಡಮ್ ಊರಿನ ಬಾಬಿನ್ ಬೀದಿಯ ಮನೆಗಳು ಬಸ್ಸಿಗೆ ಕಾದವರ ಹಾಗೆ ಒಂದಕ್ಕೊಂದು ಭುಜ ತಾಗಿಸಿಕೊಂಡು ನಿಂತಿವೆ. ಎರಡು ಮನೆಗೆ ಒಂದೇ ಗೋಡೆ. ಈಚೆಯವರು ಸೀನಿದರೆ ಆಚೆಯವರು ಮದ್ದು ಹೇಳುತ್ತಾರೆ. ಆ ಗೋಡೆಗೆ ಬೆನ್ನು ಕೊಟ್ಟು ಒಂದೊಂದು ಮನೆಯಲ್ಲೂ ಒಂದೊಂದು ಇಟ್ಟಿಗೆಯ ಗೂಡು, ಅದೇ ಚಿಮಣಿ. ಕೆಳಗಿನ ಒಲೆಯ ಹೊಗೆಯನ್ನು ಮಲಗುವ ಕೋಣೆಯ ಮೂಲಕ ಸೂರಿನ ಮೇಲಕ್ಕೆ ಒಯ್ಯುವುದು ಅದರ ಕೆಲಸ. ವಿಲ್ಫ್‌ನ ಮನೆಯಲ್ಲಿ ಒಲೆ ಹಚ್ಚುವುದು ಬಿಟ್ಟು ಬಹಳ ಕಾಲವಾಗಿತ್ತು. ಗೂಡು ಮಾತ್ರ ಭರ್ತಿ ಊಟ ಮಾಡಿದ ಬೀಗರ ಹಾಗೆ ಮಲಗುವ ಕೋಣೆಯ ನಡುವಿಗೆ ಹೊಟ್ಟೆ ಮುಂದೆ ಮಾಡಿಕೊಂಡು ಕೂತಿತ್ತು.

ಆ ಹೊಟ್ಟೆಯ ಪಕ್ಕ ಒಂದು ಸಣ್ಣ ಮಂಚ ಹಿಡಿಯುತ್ತಿತ್ತು. ಸಣ್ಣ ಮಂಚದಲ್ಲಿ ಡೊರೀನ್ ಹಿಡಿಯುತ್ತಿದ್ದಳು. ವಿಲ್ಫ್ ಕೆಳಗೆ ಸೋಫಾದ ಮೇಲೆ, ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಮಲಗಿ, ನಸುಕಿನಲ್ಲೇ ಎದ್ದು ಮೊದಲ ಬಸ್ಸು ಓಡಿಸಲು ಹೋಗುತ್ತಿದ್ದ. ಕೆಂಪು ದೀಪ ಬಿದ್ದಾಗ ಸ್ಟಿಯರಿಂಗಿನ ಮೇಲೆ ಅವನ ತಲೆ ಬಿದ್ದು ಹಾರನ್ ಆಗುತ್ತಿತ್ತು. ಹಾರನ್ನಿಗೆ ಅವನಿಗೇ ಎಚ್ಚರವಾಗುತ್ತಿತ್ತು.

ಹೋದ ವಾರ ಡೊರೀನ್ ಅಂಗಡಿಯೊಂದರಲ್ಲಿ ಇಬ್ಬರು ಮಲಗುವಂಥ ಒಂದು ಜೋಡಿ ಮಂಚ ನೋಡಿ, ನಿಂತ ಕಾಲಿನಲ್ಲಿ ಕೊಂಡುಬಿಟ್ಟಳು. ಮಾರಿದ ಮಾಲು ವಾಪಸ್ಸಿಲ್ಲ ಎಂದು ಅಂಗಡಿಯವನು ಮೊದಲೇ ಹೇಳಿದ್ದ.

“ನಾಳೆ ಬೆಳಿಗ್ಗೆ ಮಂಚ ಬರುತ್ತೆ. ನಾನು ಅಕ್ಕನ ಮನೆಗೆ ಹೋಗಿ ಸಂಜೆ ಬರ್ತೀನಿ. ಅಷ್ಟೊತ್ತಿಗೆ ಆ ಹೊಟ್ಟೆ ಅಲ್ಲಿರಕೂಡದು,” ಎಂದಳು, ಕೋಟಿನ ಗುಂಡಿ ಹಾಕಿಕೊಳ್ಳುತ್ತ.

“ಇದ್ರೆ?”

“ಇದ್ರೆ ಮಂಚ ಅಡುಗೆಮನೇಲಿ ನಿಲ್ಲುತ್ತೆ. ನೀನು ಸೋಫಾದ ಮೇಲೇ ಮುದುಕನಾಗ್ತೀಯ.”

ಆ ಮಾತು ವಿಲ್ಫ್‌ನ ಬೆನ್ನುಮೂಳೆಗೆ ನೇರವಾಗಿ ತಾಗಿತು. ಅವನು ಬಸ್ ಡಿಪೋಗೆ ರಜಾ ಹೇಳಿ, ದೊಡ್ಡದೊಂದು ಸುತ್ತಿಗೆ ಬಾಡಿಗೆಗೆ ತಂದ.

ಸುತ್ತಿಗೆ ಎತ್ತುವ ಮುಂಚೆ ಪಕ್ಕದ ಮನೆಯ ವಿಧವೆ ಮಿಸೆಸ್ ಕ್ರಾಬ್‌ಟ್ರೀಗೆ ಒಂದು ಮಾತು ಹೇಳುವುದು ಮರ್ಯಾದೆ. ಆಕೆ ಮನೆಯ ಹೊಸಿಲು ಉಜ್ಜುತ್ತಿದ್ದರು.

“ಮಿಸೆಸ್ ಕ್ರಾಬ್‌ಟ್ರೀ, ಇವತ್ತು ನಮ್ಮ ಮಲಗೋ ಕೋಣೆಯ ಚಿಮಣಿ ತೆಗೀಬೇಕು ಅಂತಿದೀನಿ. ನಿಮಗೇನೂ ಅಭ್ಯಂತರ ಇಲ್ಲ ತಾನೆ?”

ಮಿಸೆಸ್ ಕ್ರಾಬ್‌ಟ್ರೀಯ ಬ್ರಷ್ಷು ನಿಂತಿತು.

“ಪೂರ್ತಿ ತೆಗೀತೀಯಾ ಮಗಾ?”

“ಪೂರ್ತಿ.”

“ಇವತ್ತೇ?”

“ಇವತ್ತೇ.”

“ತೆಗಿ ಮಗಾ, ತೆಗಿ. ನಿನ್ನ ಮನೆ, ನಿನ್ನ ಗೋಡೆ. ನನ್ನ ಚಿಂತೆ ನೀನ್ಯಾಕೆ ಮಾಡ್ತೀಯ?” ಎಂದು ಆಕೆ ನಿಟ್ಟುಸಿರು ಬಿಟ್ಟು, ಆಗಲೇ ಹೊಳೆಯುತ್ತಿದ್ದ ಹೊಸಿಲನ್ನು ಮತ್ತೆ ಉಜ್ಜತೊಡಗಿದರು.

ಬಾಬಿನ್ ಬೀದಿಯಲ್ಲಿ ಬೇಡವೆನ್ನಲು ಯಾರೂ ಬೇಡ ಎನ್ನುವುದಿಲ್ಲ. ಕಾಲಿನ ಮೇಲೆ ಬಸ್ಸಿನ ಗಾಲಿ ಹತ್ತಿದರೂ “ಪರವಾಗಿಲ್ಲ, ನಿಧಾನವಾಗಿ ತೆಗೀರಿ” ಎನ್ನುವ ಜನ. “ನನ್ನ ಚಿಂತೆ ಮಾಡಬೇಡ” ಎಂದು ಯಾರಾದರೂ ಅಂದರೆ ಊಟ ಬಿಟ್ಟು ಅವರ ಚಿಂತೆ ಮಾಡಬೇಕು. ವಿಲ್ಫ್‌ಗೆ ಇದು ಗೊತ್ತಿತ್ತು. ಆದರೆ ಜೋಡಿ ಮಂಚದ ಮೇಲೆ ಕಾಲು ಚಾಚಿ ಮಲಗಿದ ತನ್ನದೇ ಚಿತ್ರ ಕಣ್ಣ ಮುಂದೆ ಬಂತು. ಅವನು ಗೊತ್ತಿಲ್ಲದವನ ಹಾಗೆ ಮೆಟ್ಟಿಲು ಹತ್ತಿದ.

ಮೊದಲ ಏಟಿಗೆ ಗಾರೆ ಉದುರಿತು. ಎರಡನೆಯದಕ್ಕೆ ಒಂದು ಇಟ್ಟಿಗೆ ಅಲುಗಿತು. ಆಮೇಲೆ ಹೊಡೆದ ಏಟಿಗೆ ಇಟ್ಟಿಗೆಗಳು ಒಳಕ್ಕೆ ಬಿದ್ದವು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಮೇಲಿನಿಂದ ಯಾರೋ ಗಂಟಲು ಸರಿಮಾಡಿಕೊಂಡ ಹಾಗೆ ಸದ್ದಾಯಿತು. ಅಜ್ಜನ ಕಾಲದಿಂದ ಕೂಡಿಟ್ಟಿದ್ದ ಮಸಿಯೆಲ್ಲ, ಒಂದು ಕಾಗೆಗೂಡಿನ ಸಮೇತ, ಧಸಕ್ಕನೆ ಇಳಿಯಿತು.

ಇಳಿದದ್ದರಲ್ಲಿ ಅರ್ಧ ವಿಲ್ಫ್‌ನ ಮೇಲೆ ಕೂತಿತು. ಕಾಲು ಭಾಗ ನಡುಗೋಡೆಯ ಬಿರುಕು ಹುಡುಕಿಕೊಂಡು ಮಿಸೆಸ್ ಕ್ರಾಬ್‌ಟ್ರೀಯ ಮನೆಗೆ ಹೋಯಿತು. ಉಳಿದದ್ದು ತೆರೆದ ಕಿಟಕಿಯಿಂದ ಹಿತ್ತಲ ಓಣಿಗೆ ಹಾರಿತು. ಅವತ್ತು ಸೋಮವಾರ, ಬೀದಿಗೆಲ್ಲ ಬಟ್ಟೆ ಒಗೆಯುವ ದಿನ. ಓಣಿಯ ತುಂಬ ಬೀದಿಯವರ ಬಿಳಿ ಬಟ್ಟೆ ಒಣಗುತ್ತಿದ್ದವು.

“ವಿಲ್ಫ್ ಗ್ರಿಮ್‌ಷಾ!”

ಹಿಂದಿನ ಮನೆಯ ಬ್ರೆಂಡಾಳ ದನಿ. ಪ್ರಾರ್ಥನಾ ಮಂದಿರದಲ್ಲಿ ಮೈಕಿಲ್ಲದೆ ಹಾಡುವ ಹೆಂಗಸು. ಕೂಗು ಮುಗಿಯುವುದರೊಳಗೆ ಆಕೆಯೇ ಕೋಣೆಯ ಬಾಗಿಲಲ್ಲಿದ್ದಳು. ಕೈಯಲ್ಲಿ ಬೆಕ್ಕಿನ ಮೈಯಂತೆ ಪಟ್ಟೆ ಪಟ್ಟೆಯಾದ ಹಾಸಿಗೆ ಹೊದಿಕೆ.

“ಇದೇನು ಇದು?”

“ಮಸಿ, ಬ್ರೆಂಡಾ.”

“ಮಸಿ ಅಂತ ನಂಗೂ ಗೊತ್ತು! ನನ್ನ ಹೊದಿಕೆ ಮೇಲೆ ಏನು ಮಾಡ್ತಿದೆ ಅಂತ ಕೇಳಿದ್ದು. ಮತ್ತೆ ಒಗೀಲಾ? ನನ್ನ ಕೈಯೇನು ಮಷೀನಾ?”

ಉತ್ತರ ಹೊಳೆಯದೆ ವಿಲ್ಫ್ ಕೆಳಗೆ ಹೋಗಿ ಟೀಗೆ ನೀರಿಟ್ಟ. ಆ ಬೀದಿಯಲ್ಲಿ ಉತ್ತರ ಹೊಳೆಯದಾಗ ಮಾಡುವ ಕೆಲಸ ಅದು.

ಟೀ ತೆಗೆದುಕೊಂಡು ಮೇಲೆ ಬಂದರೆ ಡೊರೀನಳ ಮಂಚದ ಮೇಲೆ ಎದುರುಮನೆಯ ಸಿರಿಲ್ ಟ್ಯಾಟರ್ಸಾಲ್ ಕೂತಿದ್ದರು. ಬಸ್ ಕಂಪನಿಯಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಬಸ್ಸು ಬಿಟ್ಟ ಮೇಲೆ ಬೀದಿ ತಪಾಸಣೆ ಮಾಡುತ್ತಿದ್ದರು.

“ಸುತ್ತಿಗೆ ಹಿಡಿಯೋದು ಹಾಗಲ್ಲ ಕಣಯ್ಯಾ,” ಎಂದರು, ಟೀ ತೆಗೆದುಕೊಳ್ಳುತ್ತ.

“ನಾನು ಹಿಡಿದಿರೋದು ಟ್ರೇ, ಸಿರಿಲ್.”

“ಹಿಡಿದಾಗ ಹೇಳ್ತಿದೀನಿ ಅಂದ್ಕೋ. ಸಕ್ಕರೆ ಎಲ್ಲಿ?”

ಅಷ್ಟರಲ್ಲಿ ಕೆಳಗೆ ಬಾಗಿಲು ತಟ್ಟಿದ ಸದ್ದಾಯಿತು. ಮಿಸೆಸ್ ಕ್ರಾಬ್‌ಟ್ರೀ ನಿಂತಿದ್ದರು. ಮುಖವೆಲ್ಲ ಮಸಿ. ಕಣ್ಣು ಎರಡೂ ಕೆಂಪಗೆ ಊದಿ, ಕಪ್ಪು ಕೆನ್ನೆಗಳ ಮೇಲೆ ಕಣ್ಣೀರಿನ ಎರಡು ಬಿಳಿ ಗೆರೆಗಳು.

“ಅಯ್ಯೋ, ಅಳ್ತಿದ್ದೀರಾ?” ಮೆಟ್ಟಿಲಿನಿಂದಲೇ ಬ್ರೆಂಡಾ ಕೂಗಿದಳು.

“ಇಲ್ಲಮ್ಮ, ಕಣ್ಣಿಗೆ ಮಸಿ ಬಿತ್ತು ಅಷ್ಟೆ. ಕೆಲಸ ಎಲ್ಲಿಗೆ ಬಂತು ಅಂತ ಕೇಳಿ ಹೋಗೋಣ ಅಂತ ಬಂದೆ. ಬಹಳ ಬಿದ್ದುಹೋಯ್ತಾ ಮಗಾ?”

“ಒಂದಷ್ಟು ಇಟ್ಟಿಗೆ ಬಿದ್ದಿದೆ, ಮಿಸೆಸ್ ಕ್ರಾಬ್‌ಟ್ರೀ.”

“ಇನ್ನೂ ನಿಂತಿದೆಯಾ?”

“ನಿಂತಿದೆ.”

“ಹೋಗ್ಲಿ ಬಿಡು. ನನಗೇನು,” ಎಂದು ಆಕೆ ಕಣ್ಣೊರೆಸಿಕೊಳ್ಳುತ್ತ ಹೊರಟುಹೋದರು.

ಬ್ರೆಂಡಾ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಹೊದಿಕೆಯ ವಿಷಯ ಆಕೆಗೆ ಮರೆತೇ ಹೋಗಿತ್ತು.

“ಕೇಳಿಸ್ಕೊಂಡ್ಯಾ? ‘ಕಣ್ಣಿಗೆ ಮಸಿ ಬಿತ್ತು’ ಅಂತೆ! ಕರುಳು ಕಿತ್ತು ಬರಲ್ವಾ ನಿಂಗೆ? ಆಲ್ಬರ್ಟ್ ಸತ್ತಾಗಲೂ ‘ಈರುಳ್ಳಿ ಹೆಚ್ತಿದ್ದೆ’ ಅಂತಾನೇ ಅಂದಿದ್ರು.”

ಆಲ್ಬರ್ಟ್ ಎಂದರೆ ಮಿಸೆಸ್ ಕ್ರಾಬ್‌ಟ್ರೀಯ ಗಂಡ. ಬದುಕಿದ್ದಷ್ಟು ದಿನ ಗೋಡೆಯಾಚೆ ಒಲೆಯ ಮುಂದೆ ಕೂತು ಪೈಪು ಸೇದಿದವರು.

“ಆದ್ರೆ ನಾನು ಒಡೀತಿರೋದು ನಮ್ಮ ಚಿಮಣಿ, ಬ್ರೆಂಡಾ. ಅವರದಲ್ಲ.”

“ಗೋಡೆ ಒಂದೇ ಅಲ್ವಾ? ಆಲ್ಬರ್ಟ್ ಬೆನ್ನು ಒರಗಿಸಿದ ಗೋಡೆಗೆ ನೀನು ಸುತ್ತಿಗೇಲಿ ಹೊಡೀತಿದ್ರೆ ಅವರಿಗೆ ಹೇಗಾಗಿರಬೇಡ? ಬಾಯಿಬಿಟ್ಟು ಬೇಡ ಅನ್ನೋ ಹೆಂಗಸಾ ಅವರು?”

“ಪಾಪ,” ಎಂದರು ಸಿರಿಲ್ ಮೇಲಿನಿಂದ. “ಇನ್ನೊಂದು ಕಪ್ ಟೀ ಇದೆಯಾ?”

ವಿಲ್ಫ್ ಎರಡನೇ ಸಲ ನೀರಿಟ್ಟ. ನೀರು ಕುದಿಯುವವರೆಗೆ ಗೋಡೆಗೆ ಹಣೆ ಒರಗಿಸಿ ನಿಂತ. ಕಣ್ಣು ತಾನಾಗಿ ಮುಚ್ಚಿಕೊಂಡಿತು. ಆ ಒಂದು ಗಳಿಗೆಯಲ್ಲೇ ಕನಸು ಬಿತ್ತು. ಅಗಲವಾದ ಮಂಚದ ಮೇಲೆ ಅವನು ಕೈ ಒಂದು ಕಡೆ, ಕಾಲು ಒಂದು ಕಡೆ ಚಾಚಿ ಮಲಗಿದ್ದ. ಯಾವ ತುದಿಯೂ ಸಿಗುತ್ತಿರಲಿಲ್ಲ. ಕೆಟಲ್ ಕೂಗಿ ಎಬ್ಬಿಸಿತು.

ಮೇಲೆ ಬಂದಾಗ ಪಂಚಾಯಿತಿ ಮುಗಿದಿತ್ತು. ತೀರ್ಪು ಹೇಳಿದವಳು ಬ್ರೆಂಡಾ.

“ಇಟ್ಟಿಗೆ ವಾಪಸ್ ಕಟ್ಟಿಬಿಡು.”

“ಡೊರೀನ್ ನನ್ನನ್ನ ಸಾಯಿಸ್ತಾಳೆ.”

“ಡೊರೀನ್ ಒಬ್ಬಳು. ಕಟ್ಟದಿದ್ರೆ ಇಡೀ ಬೀದಿ.”

“ನಾಳೆ ಮಂಚ ಬರುತ್ತೆ, ಬ್ರೆಂಡಾ. ನಾನು ಮಲಗಬೇಕು. ನಂಗೆ ಬೇರೇನೂ ಬೇಡ, ಬರೀ ಮಲಗಬೇಕು.”

“ಆ ಮುದುಕಿ ಕಣ್ಣೀರಿನ ಮೇಲೆ ಮಂಚ ಹಾಕ್ಕೊಂಡು ನಿದ್ದೆ ಬರುತ್ತಾ ನಿಂಗೆ?”

ಖಂಡಿತ ಬರುತ್ತಿತ್ತು. ಆದರೆ ಹಾಗೆಂದು ಹೇಳಲು ಬಾಯಿ ಬರಲಿಲ್ಲ.

ಮಧ್ಯಾಹ್ನವೆಲ್ಲ ವಿಲ್ಫ್ ಬಿದ್ದ ಇಟ್ಟಿಗೆ ಆರಿಸಿ, ಮಸಿ ಒರೆಸಿ, ಸಿಮೆಂಟು ಕಲಸಿ ಕಟ್ಟಿದ. ಸಿರಿಲ್ ಮಂಚದ ಮೇಲೆ ದಿಂಬಿಗೆ ಒರಗಿ ಮೇಸ್ತ್ರಿಕೆ ಮಾಡಿದರು.

“ಎಡಕ್ಕೆ ಸ್ವಲ್ಪ. ಅಷ್ಟೊಂದಲ್ಲ ಮಾರಾಯ. ಬಲಕ್ಕೆ. ಈಗ ಇನ್ನೂ ಹಾಳಾಯ್ತು.”

ಕೆಲಸ ಮುಗಿದಾಗ ಚಿಮಣಿ ಮೊದಲಿಗಿಂತ ಗಟ್ಟಿಯಾಗಿತ್ತು. ಹೊಟ್ಟೆಯೂ ಮೊದಲಿಗಿಂತ ಒಂದು ಸುತ್ತು ಮುಂದೆ ಬಂದಿತ್ತು, ಮಧ್ಯಾಹ್ನದ ಊಟ ಅದಕ್ಕೂ ಆದ ಹಾಗೆ. ಊಟ ಆಗದೆ ಇದ್ದವನು ವಿಲ್ಫ್ ಒಬ್ಬನೇ.

ಸಂಜೆ ಡೊರೀನ್ ಬಂದಳು. ನೇರ ಮೇಲೆ ಹೋದಳು.

“ವಿಲ್ಫ್.”

“ಹೇಳ್ತೀನಿ ಕೇಳು, ಡೊರೀನ್.”

“ಇದು ಬೆಳೆದಿದೆ.”

“ಮಿಸೆಸ್ ಕ್ರಾಬ್‌ಟ್ರೀ ಅತ್ತುಬಿಟ್ರು ಕಣೇ.”

“ನಾನೂ ಅಳ್ತೀನಿ ಈಗ! ಕಟ್ಟೋಕೆ ಹೇಳಿದ ನೆನಪಿಲ್ಲ ನನಗೆ, ಒಡೆಯೋಕೆ ಹೇಳಿದ್ದು! ಬೆಳಗ್ಗಿಂದ ಸಂಜೆವರೆಗೆ ಮನೇಲಿದ್ದು ಒಬ್ಬ ಗಂಡಸು ಒಂದು ಗೋಡೆಗೆ ಹೊಟ್ಟೆ ಬರಿಸ್ತಾನೆ ಅಂದ್ರೆ—”

ಬಾಗಿಲು ತಟ್ಟಿದ ಸದ್ದಿಗೆ ಆಕೆ ಮಾತು ನುಂಗಿಕೊಂಡಳು. ಇಬ್ಬರೂ ಕೆಳಗಿಳಿದು ಬಾಗಿಲು ತೆರೆದರು. ಮಿಸೆಸ್ ಕ್ರಾಬ್‌ಟ್ರೀ ಮಾಂಸ ತುಂಬಿದ ಬಿಸಿ ಪೈ ಹಿಡಿದು ನಿಂತಿದ್ದರು. ಮುಖ ತೊಳೆದು ಪೌಡರು ಹಾಕಿದ್ದರು. ಹಿಂದೆ ಬ್ರೆಂಡಾ, ಆಕೆಯ ಹಿಂದೆ ಸಿರಿಲ್. ಎಲ್ಲಕ್ಕೂ ಹಿಂದೆ, ಬೀದಿದೀಪವನ್ನು ಮರೆಮಾಡಿಕೊಂಡು, ಯಾರೂ ನೋಡಿರದ ಒಬ್ಬ ಭಾರೀ ಗಂಡಸು.

“ಚಿಮಣಿ ವಾಪಸ್ ಕಟ್ಟಿದ್ದೀಯಂತಲ್ಲ ಮಗಾ! ಬ್ರೆಂಡಾ ಹೇಳಿದಾಗ ಕುಣಿದುಬಿಟ್ಟೆ. ಬೆಳಿಗ್ಗೆ ನೀನು ತೆಗೀತೀನಿ ಅಂದಾಗ ನನ್ನ ಎದೆ ಧಸಕ್ ಅಂತು.”

“ಗೊತ್ತು, ಮಿಸೆಸ್ ಕ್ರಾಬ್‌ಟ್ರೀ. ಆಲ್ಬರ್ಟ್ ಅವರ ನೆನಪು,” ಎಂದ ವಿಲ್ಫ್ ತಗ್ಗಿದ ದನಿಯಲ್ಲಿ.

“ಆಲ್ಬರ್ಟಾ? ಅವನ್ಯಾಕೆ ಬಂದ ಇಲ್ಲಿ?” ಆಕೆ ಹಿಂದೆ ತಿರುಗಿ ಭಾರೀ ಗಂಡಸಿನ ತೋಳು ಹಿಡಿದರು. “ಇವರು ಹೆರಾಲ್ಡ್. ಮಾಂಸದ ಅಂಗಡಿ ಇಟ್ಟಿದ್ದೋರು. ಶನಿವಾರ ನಮ್ಮ ಮದುವೆ.”

ಬ್ರೆಂಡಾಳ ಬಾಯಿ ತೆರೆದದ್ದು ಮುಚ್ಚಲಿಲ್ಲ. ಆಕೆಯಿಂದ ಸದ್ದು ಬರದೆ ಇದ್ದುದು ಬೀದಿಯಲ್ಲಿ ಅದೇ ಮೊದಲು.

“ಇವರ ಮೈಕಟ್ಟು ನೋಡ್ತಿದೀಯಲ್ಲ. ನನ್ನ ಕೋಣೇಲಿ ಎಲ್ಲಿ ಹಿಡೀತಾರೆ? ಅದಕ್ಕೆ ನಮ್ಮ ಕಡೆ ಚಿಮಣಿ ತೆಗೆಸಬೇಕು ಅಂತ ಗಾರೆಯವನನ್ನ ಕರೆಸಿದ್ದೆ. ಅವನೇನಂದ ಗೊತ್ತಾ? ಎರಡು ಮನೆ ಗೂಡೂ ಬೆನ್ನಿಗೆ ಬೆನ್ನು ಕೊಟ್ಟು ಸೂರಿನ ಮೇಲಿರೋ ಭಾರ ಹೊತ್ತಿವೆಯಂತೆ. ಒಂದನ್ನ ತೆಗೀಬಹುದಂತೆ. ಎರಡನ್ನೂ ತೆಗೆದ್ರೆ ಮೇಲಿನ ಚಿಮಣಿ ಸೀದಾ ಹಾಸಿಗೆ ಮೇಲೆ ಬರುತ್ತಂತೆ. ನೀನು ಮೊದಲು ತೆಗೆದುಬಿಟ್ರೆ ನನ್ನ ಗತಿ ಏನು ಹೇಳು?”

“ಬೆಳಿಗ್ಗೆ ಒಂದು ಮಾತು ಹೇಳಬಾರದಿತ್ತಾ?” ವಿಲ್ಫ್ ಕೇಳಿದ.

“ನಿನ್ನ ಮನೆ ಗೋಡೆ ಮಗಾ! ಬೇಡ ಅಂದ್ರೆ ಚೆನ್ನಾಗಿರುತ್ತಾ?”

“ಮತ್ತೆ ಆ ಕಣ್ಣೀರು?”

“ಮಸಿ ಬಿತ್ತು ಅಂತ ಹೇಳಿದ್ನಲ್ಲ.”

ವಿಲ್ಫ್ ಡೊರೀನಳ ಮುಖ ನೋಡಿದ. ಈಗಲಾದರೂ ಸಿಡಿಯುತ್ತಾಳೆ, ಒಂದು ದಾರಿ ಮಾಡುತ್ತಾಳೆ ಎಂದು ಕಾದ. ಆದರೆ ಡೊರೀನಳಿಗೆ ಮದುವೆ ಎಂದರೆ ಪ್ರಾಣ. ಆಕೆಯ ಕಣ್ಣು ಆಗಲೇ ತುಂಬಿದ್ದವು, ಮಸಿಯಿಲ್ಲದೆ.

“ಶನಿವಾರವೇ! ಮಂಚ ನೋಡಿದ್ದೀರಾ?” ಎಂದಳು.

“ಎಲ್ಲಿ ನೋಡೋದು ಕಂದಾ, ಇವರ ಅಳತೇದು?”

“ನೋಡಬೇಡಿ. ನಾಳೆ ನಮಗೊಂದು ಬರ್ತಿದೆ. ಮೇಲಿರೋ ಚಿಮಣಿ ಹೊಟ್ಟೆ ಇಟ್ಕೊಂಡು ನಮ್ಮಲ್ಲಿ ಹಿಡಿಯಲ್ಲ, ಅಂಗಡಿಯವನು ವಾಪಸ್ ತಗೊಳಲ್ಲ. ನಮ್ಮಿಬ್ಬರ ಉಡುಗೊರೆ ಅಂತ ಇಟ್ಕೊಳ್ಳಿ. ಅಲ್ವಾ ವಿಲ್ಫ್?”

ಎಲ್ಲರೂ ವಿಲ್ಫ್‌ನ ಕಡೆ ತಿರುಗಿದರು. ಅವನ ತುಟಿ ಅಲುಗಿತು. ಏನೋ ಹೇಳಿದ ಎಂದು ಎಲ್ಲರೂ ಅಂದುಕೊಂಡರು. ಹೆರಾಲ್ಡ್ ಬಂದು ಅವನ ಕೈ ಹಿಡಿದು ಕುಲುಕಿದಾಗ ಭುಜದವರೆಗೆ ನೋವಾಯಿತು.

“ದೇವರಂಥ ಜನ,” ಎಂದು ಮಿಸೆಸ್ ಕ್ರಾಬ್‌ಟ್ರೀ ಪೈಯನ್ನು ಮೇಜಿನ ಮೇಲಿಟ್ಟರು. “ಒಂದೇ ಒಂದು ಯೋಚನೆ. ಆ ಗಾರೆಯವನಿಗೆ ಬರೋ ತಿಂಗಳವರೆಗೆ ಪುರುಸೊತ್ತಿಲ್ಲವಂತೆ. ಹೆರಾಲ್ಡ್‌ಗೆ ಬೆನ್ನು ನೋವು, ಬಗ್ಗೋ ಹಾಗಿಲ್ಲ. ನಾಳೆ ಮಂಚ ಬರೋದ್ರೊಳಗೆ ನಮ್ಮ ಚಿಮಣಿ ಯಾರು ಒಡೀತಾರೋ.”

ಸಿರಿಲ್ ಮೆಟ್ಟಿಲ ಬುಡಕ್ಕೆ ಒರಗಿಸಿದ್ದ ಸುತ್ತಿಗೆ ನೋಡಿದರು. ಬ್ರೆಂಡಾ ಸಿರಿಲರನ್ನು ನೋಡಿದಳು.

“ವಿಲ್ಫ್‌ಗೆ ಈಗ ಅಭ್ಯಾಸ ಆಗಿದೆ,” ಎಂದಳು ಡೊರೀನ್.

“ಅಯ್ಯೋ, ಬೇಡಮ್ಮ! ದಣಿದಿದ್ದಾನೆ ಪಾಪ, ಮುಖ ನೋಡು. ನಮ್ಮ ಚಿಂತೆ ನೀನು ಮಾಡಬೇಡ ಮಗಾ,” ಎಂದರು ಮಿಸೆಸ್ ಕ್ರಾಬ್‌ಟ್ರೀ.

ವಿಲ್ಫ್ ಮೆಟ್ಟಿಲ ಮೇಲೆ ಕುಸಿದು ಕೂತು, ಬೆಳಿಗ್ಗೆ ಎಷ್ಟು ಹೊತ್ತಿಗೆ ಬರಲಿ ಎಂದು ಕೇಳಿದ.