ಚಕ್ರ ನೆಲ ಬಿಡುವ ತನಕ

ಒಬ್ಬರೇ ಕೂರುವ ಪುಟ್ಟ ವಿಮಾನ ಕಟ್ಟಲು ಹೊರಟಾಗಿನಿಂದ, ನಕ್ಷೆಯಲ್ಲಿ ಇಲ್ಲದ್ದೆಲ್ಲ ನಡೆಯುತ್ತಲೇ ಇದೆ. ನಕ್ಷೆ ನನ್ನದೇ. ಅದರ ಪ್ರಕಾರ ಖಾಲಿ ತೂಕ ನೂರ ಇಪ್ಪತ್ತೈದು ಕೆಜಿ ದಾಟುವಂತಿಲ್ಲ. ದಾಟಿದರೆ ಆ ಸಣ್ಣ ಎಂಜಿನ್ನಿಗೆ ನನ್ನನ್ನು ಎತ್ತಲಾಗದು. ಎರಡು ವರ್ಷದ ಕೆಲಸ ಗುಜರಿಗೆ.

೧. ಸೀಟಿನ ಕೆಳಗೆ

ಗೌರಿಬಿದನೂರಿನಲ್ಲಿ ಟ್ರ್ಯಾಕ್ಟರ್ ಟ್ರೈಲರ್ ಮಾಡುವ ವೆಲ್ಡಿಂಗ್ ಮೇಸ್ತ್ರಿಗೆ ತೆಳು ಪೈಪು ಕೊಟ್ಟು, ಚೌಕಟ್ಟು ಬೆಸೆಯಲು ಹೇಳಿದೆ. ಮರುದಿನ ಹೋದರೆ ಸೀಟಿನ ಕೆಳಗೆ ದಪ್ಪ ಕಬ್ಬಿಣದ ಪಟ್ಟಿ ಎರಡು. ಯಾಕೆ ಎಂದು ಕೇಳಿದೆ. ಪೈಪು ನೋಡಿ ಭಯವಾಯಿತಂತೆ, ಮನಸ್ಸು ತಡೆಯದೆ ಹಾಕಿದರಂತೆ.

"ಎಷ್ಟು ಎತ್ತರದಿಂದ ಬಿದ್ರೂ ಸೀಟಿಗೆ ಏನೂ ಆಗಲ್ಲ ಬಿಡಪ್ಪ," ಎಂದರು.

೨. ಮೂರು ತಕ್ಕಡಿ

ಪಟ್ಟಿ ಕತ್ತರಿಸಿ ತೆಗೆದು, ಉಳಿದ ಕೆಲಸ ಮುಗಿಸಿ, ವಿಮಾನವನ್ನು ಟೆಂಪೋದಲ್ಲಿ ಶಿಡ್ಲಘಟ್ಟಕ್ಕೆ ಒಯ್ದೆ. ಅಲ್ಲಿ ರೇಷ್ಮೆಗೂಡು ತೂಗುವ ಪರಿಚಯದವರೊಬ್ಬರ ಬಳಿ ಮೂರು ತಕ್ಕಡಿ ಇದ್ದವು, ಚಕ್ರಕ್ಕೊಂದರಂತೆ. ಅವರು ಕೂಗಿದ ಅಂಕಿ ಬರೆದು ಕೂಡಿದೆ: ನೂರ ಮೂವತ್ತನಾಲ್ಕು.

ಹದಿನೈದು ದಿನ ಸರಿಯಾಗಿ ನಿದ್ದೆಯಿಲ್ಲ. ಸೀಟಿನ ಮೆತ್ತೆ ಕಿತ್ತೆ. ರೆಕ್ಕೆಯ ಒಳಪಟ್ಟಿಗಳಿಗೆ ತೂತು ಕೊರೆದೆ. ಊಟದಲ್ಲಿ ಮುದ್ದೆ ಅರ್ಧಕ್ಕೆ ಇಳಿಸಿದೆ. ಮತ್ತೆ ಹೋಗಿ, ಹೋದ ಸಲ ತೂಕ ಸರಿಬರಲಿಲ್ಲ ಎಂದಷ್ಟೇ ಹೇಳಿದೆ. ಅವರು ಹೆಗಲು ತಟ್ಟಿ, ದನಿ ತಗ್ಗಿಸಿದರು.

"ಮಾರೋಕೆ ತಂದಿದ್ದೀಯ, ನಮ್ಮ ಹುಡುಗ ಅಂತ ಚಕ್ರಕ್ಕೆ ಮೂರು ಕೆಜಿ ಜಾಸ್ತೀನೇ ಕೂಗಿದ್ದೆ ಕಣೋ. ಸಾಲದಾದ್ರೆ ಇವತ್ತು ನಾಲ್ಕು ಹಾಕ್ತೀನಿ."

೩. ಕೆರೆಯಂಗಳ

ಮಂಚೇನಹಳ್ಳಿ ಹತ್ತಿರದ ಒಣ ಕೆರೆಯಲ್ಲಿ ಪರೀಕ್ಷೆ. ನೇರ ಓಡಿಸಬೇಕು, ಚಕ್ರ ಒಂದು ಗೇಣು ನೆಲ ಬಿಟ್ಟರೆ ಸಾಕು, ಇಳಿಸಬೇಕು. ಬಿಟ್ಟಿತೋ ಇಲ್ಲವೋ ನೋಡಲು ವೆಲ್ಡಿಂಗ್ ಮೇಸ್ತ್ರಿಯನ್ನು ದಾರಿಯ ಪಕ್ಕ ಬೋರಲು ಮಲಗಿಸಿದ್ದೆ. ಬೇಡವೆಂದರೂ ಅಜ್ಜಿ ಬಂದಿದ್ದಳು.

ವೇಗ ಏರಿತು. ಎದುರಿನ ಕೆರೆಕಟ್ಟೆ ಹತ್ತಿರವಾಗುತ್ತಿತ್ತು. ಚಕ್ರದ ಗಡಗಡ ಒಮ್ಮೆ ನಿಂತಂತಾಯಿತು, ಮತ್ತೆ ಶುರುವಾಯಿತು. ಎಂಜಿನ್ ಆರಿಸಿ ಮೇಸ್ತ್ರಿಯ ಕಡೆ ಓಡಿದೆ. ಅವರು ಹೆದರಿ ಕಣ್ಣು ಮುಚ್ಚಿಕೊಂಡಿದ್ದರಂತೆ.

ಹಾರಿತ್ತೋ, ಬರೀ ಭ್ರಮೆಯೋ, ಹೇಳುವವರಿಲ್ಲ.

ಅಷ್ಟರಲ್ಲಿ ಅಜ್ಜಿ ಬಂದಳು. ನನಗೆ ದೃಷ್ಟಿ ತೆಗೆಯಲು ಚಕ್ರ ತುಳಿದ ಮಣ್ಣು ತರಲು ಹೋಗಿದ್ದವಳು, ಬರಿಗೈಯಲ್ಲಿ ಬಂದು ಬೈದಳು.

"ಮೇಸ್ತ್ರಿ ಮಲಗಿದ್ದ ಕಡೆ ಇಪ್ಪತ್ತು ಮಾರು ಹುಡುಕಿದೆ, ಚಕ್ರದ ಗುರುತೇ ಇಲ್ಲ. ನೆಟ್ಟಗೆ ನೆಲದ ಮೇಲೆ ಓಡಿಸೋಕೂ ಬರಲ್ವೇನೋ ನಿಂಗೆ?"